ರಾಳದ ಲೇಪನ: ಯಾವ ಗೋಡೆಗೆ ಯಾವುದು, ಎಷ್ಟು ದಿನ ಕಾಯಬೇಕು?

ಎಪಾಕ್ಸಿ ಹೊಡೆಸಲೋ, ಅಕ್ರಿಲಿಕ್ ಸಾಕೋ, ಇಟ್ಟಿಗೆಗೆ ಸಿಲೇನ್ ಒಳ್ಳೆಯದು ಅಂತಾರಲ್ಲ, ಅದನ್ನೇ ತರಲೋ? ಗೋಡೆಗೆ ಹಚ್ಚುವ ಈ ರಾಳದ (ರೆಸಿನ್) ಲೇಪನಗಳಲ್ಲಿ ಯಾವುದೆಂದು ಗೊಂದಲಕ್ಕೆ ಬಿದ್ದವರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ‘ಯಾವುದು ಬೇಗ ಒಣಗುತ್ತೆ?’ ಡಬ್ಬದ ಮೇಲೆ ‘2 ಗಂಟೆ’ ಎಂದಿದ್ದರೆ ಕೈ ಅದಕ್ಕೇ ಹೋಗುತ್ತದೆ. ಆ 2 ಗಂಟೆ ಸುಳ್ಳೇನಲ್ಲ. ಏನಾಗಲು 2 ಗಂಟೆ, ಎಂಥ ಗೋಡೆಯ ಮೇಲೆ, ಎಂಥ ಹವೆಯಲ್ಲಿ ಎಂಬುದು ಮಾತ್ರ ಸಣ್ಣ ಅಕ್ಷರದಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ನನ್ನ ಲೆಕ್ಕ ಹೀಗಿದೆ: ಈ ಕೆಲಸದಲ್ಲಿ ದಿನಗಳನ್ನು ನುಂಗುವುದು ರಾಳಕ್ಕಿಂತ ಹೆಚ್ಚಾಗಿ ಗೋಡೆ. 25 ಡಿಗ್ರಿಯ ಹವೆಯಲ್ಲಿ ಎಪಾಕ್ಸಿ ಸಾಮಾನ್ಯವಾಗಿ ವಾರದಲ್ಲಿ ಪೂರ್ತಿ ಗಟ್ಟಿಯಾಗುತ್ತದೆ. ಹೊಸ ಗಿಲಾವು ಅದನ್ನು ಹಚ್ಚಿಸಿಕೊಳ್ಳಲು ಸಿದ್ಧವಾಗಲು ತಿಂಗಳು ಬೇಕು. ಹಾಗಾಗಿ ಆಯ್ಕೆಯನ್ನು ಡಬ್ಬದಿಂದ ಶುರು ಮಾಡದೆ ಗೋಡೆಯಿಂದ ಶುರು ಮಾಡೋಣ.

ಡಬ್ಬದ ಮೇಲಿರುವ ಸಮಯ ಯಾವುದರದ್ದು?

ಲೇಪನ ಹಚ್ಚಿದ ಮೇಲೆ ಒಂದರ ಹಿಂದೊಂದು ನಾಲ್ಕು ಹಂತ ಬರುತ್ತವೆ. ಮೊದಲು ಬೆರಳಿಗೆ ಅಂಟದಷ್ಟು ಒಣಗುತ್ತದೆ. ಆಮೇಲೆ ಮುಂದಿನ ಕೋಟ್ ಹೊಡೆಯುವಷ್ಟು ಹದಕ್ಕೆ ಬರುತ್ತದೆ. ಮೂರನೆಯದರಲ್ಲಿ ಸಣ್ಣ ಮಳೆಗೆ, ಹಗುರ ಬಳಕೆಗೆ ತಡೆಯುತ್ತದೆ. ಕೊನೆಯದು ಪೂರ್ತಿ ಕ್ಯೂರ್: ಉಜ್ಜಿ ತೊಳೆದರೂ, ಸಾಬೂನು, ಎಣ್ಣೆ, ಹುಳಿ ಬಿದ್ದರೂ ಜಗ್ಗುವುದಿಲ್ಲ. ಡಬ್ಬದ ಮುಂಭಾಗದಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಮೊದಲನೆಯ ಹಂತದ ಸಮಯ. ನಿಮಗೆ ಬೇಕಾಗಿರುವುದು ಹೆಚ್ಚಾಗಿ ಕೊನೆಯದ್ದು.

ಇನ್ನೊಂದು ಸಂಗತಿ, ಎಲ್ಲ ರಾಳಗಳೂ ಒಂದೇ ರೀತಿಯಲ್ಲಿ ಗಟ್ಟಿಯಾಗುವುದಿಲ್ಲ. ನೀರಿನಲ್ಲಿ ಬೆರೆತ ಅಕ್ರಿಲಿಕ್‌ನಲ್ಲಿ ನೀರು ಆರಿಹೋದಂತೆ ರಾಳದ ಕಣಗಳು ಒತ್ತೊತ್ತಾಗಿ ಬಂದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಥಿನ್ನರ್ ಬೆರೆಸದ ಎಪಾಕ್ಸಿಯಲ್ಲಿ ಆರಿಹೋಗುವಂಥದ್ದು ಏನೂ ಇಲ್ಲವೆಂದೇ ಹೇಳಬೇಕು. ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಪರಸ್ಪರ ಕೂಡಿ ಹೊಸ ವಸ್ತುವೇ ಆಗುತ್ತದೆ. ಒಂದೇ ಡಬ್ಬದ ಪಾಲಿಯುರೆಥೇನ್ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಸಿಲೇನ್ ಗೋಡೆಯೊಳಗೆ ಇಳಿದು ಗೋಡೆಯ ಕಣಗಳಿಗೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ‘ಫ್ಯಾನ್ ಹಾಕಿಟ್ಟರೆ ಬೇಗ ಆಗುತ್ತೆ’ ಎಂಬ ಸಲಹೆ ಅಕ್ರಿಲಿಕ್‌ಗೆ ಸರಿ. ಎಪಾಕ್ಸಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ, ಅದಕ್ಕೆ ಬೇಕಾದ್ದು ಬಿಸಿ.

ಬಿಸಿಯ ವಿಷಯದಲ್ಲಿ ಒಂದು ಅಂದಾಜು ನೆನಪಿನಲ್ಲಿರಲಿ. ಎಪಾಕ್ಸಿಯಂಥ ರಾಸಾಯನಿಕ ಕ್ರಿಯೆಯ ಲೇಪನಗಳಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸಮಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, 10 ಡಿಗ್ರಿ ಏರಿದರೆ ಅರ್ಧಕ್ಕಿಳಿಯುತ್ತದೆ. ಡಬ್ಬದ ಮೇಲಿನ ಸಮಯ ಸಾಮಾನ್ಯವಾಗಿ 20ರಿಂದ 25 ಡಿಗ್ರಿಗೆ ಹೇಳಿದ್ದು. 25 ಡಿಗ್ರಿಯಲ್ಲಿ 7 ದಿನ ಎಂದಿದ್ದರೆ, 15 ಡಿಗ್ರಿಯ ನೆಲಮಾಳಿಗೆಯಲ್ಲಿ ಎರಡು ವಾರ ಹಿಡಿದರೆ ಅಚ್ಚರಿಪಡಬೇಡಿ. ಅಲ್ಲಿ ನೋಡಬೇಕಾದದ್ದು ಗೋಡೆಯ ಉಷ್ಣತೆ. ಹೊರಗೆ ಬಿಸಿಲು ಹೊಡೆಯುತ್ತಿದ್ದರೂ ನೆರಳಿನ ಮಗ್ಗುಲ ದಪ್ಪ ಗೋಡೆ ತಣ್ಣಗೇ ಇರುತ್ತದೆ.

ಆರಿಸುವ ಮೊದಲು ಇವನ್ನು ನೋಡಿ

ಮೊದಲನೆಯದು ಗೋಡೆಯ ಪಸೆ. ಹೊಸ ಸಿಮೆಂಟ್ ಗಿಲಾವಿಗೆ ಸಾಮಾನ್ಯವಾಗಿ 28 ದಿನ ಬಿಡಬೇಕು. ಅದಕ್ಕೆ ಎರಡು ಕಾರಣ: ಒಳಗಿನ ನೀರು ಆರಬೇಕು, ಜೊತೆಗೆ ಸುಣ್ಣದ ಖಾರ ಇಳಿಯಬೇಕು. ಹಸಿ ಸಿಮೆಂಟಿನ ಪಿಎಚ್ 12ರಿಂದ 13ರವರೆಗೆ ಇರುತ್ತದೆ. ಅಷ್ಟು ಕ್ಷಾರವನ್ನು ಕೆಲವು ರಾಳಗಳು ತಡೆಯುವುದಿಲ್ಲ. 28 ದಿನ ಕಳೆದ ಮಾತ್ರಕ್ಕೆ ಗೋಡೆ ಒಣಗಿತು ಎಂದೂ ಅಲ್ಲ. ಮಳೆಗಾಲದಲ್ಲಿ ಎರಡು ತಿಂಗಳಾದರೂ ಪಸೆ ಇರಬಹುದು.

ಪರೀಕ್ಷೆ ಸುಲಭ. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ. ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಇಲ್ಲವೇ ಆ ಚೌಕದ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ ಗೋಡೆ ಇನ್ನೂ ನೀರು ಬಿಡುತ್ತಿದೆ ಎಂದರ್ಥ. ಕಾಂಕ್ರೀಟಿಗೆಂದು ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ 4263 ಎಂಬ ಮಾನಕದಲ್ಲಿ ಹೇಳಿರುವುದು ಇದೇ ಪರೀಕ್ಷೆ. ಇಟ್ಟಿಗೆ ಗೋಡೆಗೂ ಒಳ್ಳೆಯ ಸುಳಿವು ಕೊಡುತ್ತದೆ. ನೆಲದ ಹತ್ತಿರ ಒಂದು, ಎದೆಯೆತ್ತರದಲ್ಲಿ ಒಂದು ಹಾಳೆ ಅಂಟಿಸಿ. ಕೆಳಗಿನದ್ದು ಮಾತ್ರ ಬೆವರಿದರೆ ನೀರು ಬುಡದಿಂದ ಏರುತ್ತಿದೆ. ಅದಕ್ಕೆ ಮದ್ದು ಲೇಪನದಲ್ಲಿಲ್ಲ, ಮೊದಲು ನೀರಿನ ಮೂಲ ನಿಲ್ಲಿಸಬೇಕು.

ಎರಡನೆಯದು ಉಪ್ಪು. ಇಟ್ಟಿಗೆ ಗೋಡೆಯ ಮೇಲೆ ಬೆಳ್ಳಗೆ ಪುಡಿ ಏಳುತ್ತಿದ್ದರೆ ಒಳಗಿನ ನೀರು ಲವಣವನ್ನು ಹೊತ್ತು ಹೊರಗೆ ಬರುತ್ತಿದೆ. ಅದರ ಮೇಲೆ ಗಟ್ಟಿ ಪದರ ಹಾಕಿದರೆ ಉಪ್ಪು ಪದರದ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗಿನ ಒತ್ತಡಕ್ಕೆ ಪದರ ಮಾತ್ರವಲ್ಲ, ಇಟ್ಟಿಗೆಯ ಮೈಯೇ ಸಿಪ್ಪೆಯಾಗಿ ಕಳಚುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಕೆಲವು ವಾರ ಬಿಡಿ, ಮತ್ತೆ ಏಳುತ್ತದೆಯೇ ನೋಡಿ. ನೀರು ಹಾಕಿ ತೊಳೆದರೆ ಆ ಲವಣ ಕರಗಿ ಮತ್ತೆ ಇಟ್ಟಿಗೆಯೊಳಕ್ಕೇ ಹೋಗುತ್ತದೆ.

ಮೂರನೆಯದು ಕೆಲಸದ ದಿನದ ಹವೆ. ಸಾಮಾನ್ಯ ನಿಯಮವೆಂದರೆ ಗಾಳಿಯ ತೇವಾಂಶ ಶೇಕಡ 85ಕ್ಕಿಂತ ಕಡಿಮೆ ಇರಬೇಕು ಮತ್ತು ಗೋಡೆಯ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಇದು ಪುಸ್ತಕದ ಮಾತಿನಂತೆ ಕೇಳಿಸುತ್ತದೆ, ಲೆಕ್ಕ ಹಾಕಿ ನೋಡಿ: ಗಾಳಿ 25 ಡಿಗ್ರಿ, ತೇವಾಂಶ ಶೇಕಡ 80 ಇದ್ದರೆ ಇಬ್ಬನಿ ಬಿಂದು ಸುಮಾರು 21. ಅಂದರೆ 23 ಡಿಗ್ರಿಯಲ್ಲಿರುವ ಗೋಡೆ, ಕೈಗೆ ಒಣಗಿದಂತೆಯೇ ಅನಿಸಿದರೂ, ಹಚ್ಚಲು ಯೋಗ್ಯವಲ್ಲ. ರಾತ್ರಿ ಇನ್ನೆರಡು ಡಿಗ್ರಿ ತಣಿದರೆ ಹಸಿ ಲೇಪನದ ಮೇಲೇ ಬೆವರು ಕೂರುತ್ತದೆ.

ನಾಲ್ಕನೆಯದು, ಆ ಮೈಗೆ ಮುಂದೆ ಏನು ತಾಗುತ್ತದೆ. ಬಿಸಿಲೇ, ಮಳೆಯೇ, ಉಜ್ಜಿ ತೊಳೆಯುವುದೇ, ರಾಸಾಯನಿಕವೇ? ಐದನೆಯದು ಹಣ. ಹಣವೆಂದರೆ ಲೀಟರಿನ ಬೆಲೆ ಮಾತ್ರವಲ್ಲ. ಕೂಲಿ, ಜಾಗ ಮುಚ್ಚಿಟ್ಟ ದಿನಗಳು, ಕೆಟ್ಟರೆ ಕಿತ್ತು ಹಾಕುವ ಖರ್ಚು, ಇವೆಲ್ಲ ಸೇರಿದ್ದು.

ನೀರಿನ ಅಕ್ರಿಲಿಕ್: ಅವಸರವಿಲ್ಲದವರ ಸುರಕ್ಷಿತ ಆಯ್ಕೆ

ಮುಟ್ಟಿದರೆ ಅಂಟದಂತಾಗಲು ಅರ್ಧದಿಂದ ಒಂದು ಗಂಟೆ, ಮುಂದಿನ ಕೋಟಿಗೆ 2ರಿಂದ 4 ಗಂಟೆ. ಒಂದೇ ದಿನದಲ್ಲಿ ಎರಡು ಕೋಟ್ ಮುಗಿಯುತ್ತದೆ, ಸಂಜೆಗೆ ಕೋಣೆಯೂ ಬಳಕೆಗೆ ಸಿಗುತ್ತದೆ. ಆದರೆ ಉಜ್ಜಿ ತೊಳೆಯುವಷ್ಟು ಗಟ್ಟಿಯಾಗಲು 2ರಿಂದ 4 ವಾರ ಬೇಕು. ಹಚ್ಚಿದ ಮೂರನೆಯ ದಿನ ಮಗು ಗೀಚಿದ ಗೆರೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿದರೆ ಗೆರೆಯ ಜೊತೆ ಬಣ್ಣವೂ ಬರುವುದು ಇದೇ ಕಾರಣಕ್ಕೆ.

ಇದರ ದೊಡ್ಡ ಗುಣವೆಂದರೆ ಗೋಡೆಯ ಆವಿಯನ್ನು ಸ್ವಲ್ಪಮಟ್ಟಿಗೆ ಹೊರಗೆ ಬಿಡುತ್ತದೆ, ಕ್ಷಾರವನ್ನು ಚೆನ್ನಾಗಿ ತಡೆಯುತ್ತದೆ, ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ. ದೋಷವೆಂದರೆ ಚಳಿ. ಪ್ರತಿ ಅಕ್ರಿಲಿಕ್‌ಗೂ ಕಣಗಳು ಬೆಸೆಯಲು ಬೇಕಾದ ಕನಿಷ್ಠ ಉಷ್ಣತೆಯೊಂದಿದೆ. ಅದಕ್ಕಿಂತ ಕೆಳಗೆ ನೀರು ಆರುತ್ತದೆ, ಕಣಗಳು ಬೆಸೆಯುವುದಿಲ್ಲ. ಉಳಿಯುವುದು ಬಿರುಕುಬಿಟ್ಟ ಪುಡಿಯಂಥ ಪದರ. ಆಮೇಲೆ ಬಿಸಿಲು ಬಂದರೂ ಅದು ಸರಿಹೋಗುವುದಿಲ್ಲ. 10 ಡಿಗ್ರಿಗಿಂತ ಕೆಳಗಿನ ಕೆಲಸವಾದರೆ ಡಬ್ಬದ ಮೇಲೆ ಕನಿಷ್ಠ ಉಷ್ಣತೆ ಎಷ್ಟೆಂದು ಹುಡುಕಿ ಓದಿ.

ಮುಚ್ಚಿದ ಕೋಣೆಯೂ ಇದಕ್ಕಾಗದು. ಕಿಟಕಿ ಮುಚ್ಚಿಕೊಂಡು ನಾಲ್ಕು ಗೋಡೆಗೂ ಬಣ್ಣ ಹೊಡೆದರೆ ಆರಿದ ನೀರೆಲ್ಲ ಅದೇ ಗಾಳಿಯಲ್ಲಿ ಉಳಿದು ಆಮೇಲೆ ಒಣಗುವುದೇ ನಿಲ್ಲುತ್ತದೆ. ಹೊರಗೋಡೆಯಲ್ಲಾದರೆ ಮೊದಲ ಕೆಲವು ದಿನಗಳಲ್ಲಿ ಇಬ್ಬನಿಯೋ ತುಂತುರೋ ಬಿದ್ದು ಕಂದು ಬಣ್ಣದ ಜಿಗುಟು ಗೆರೆಗಳು ಇಳಿಯಬಹುದು. ಲೇಪನದೊಳಗಿನ ಸಾಬೂನಿನಂಥ ಅಂಶ ಹೊರಬಂದದ್ದಷ್ಟೆ, ತಿಳಿನೀರು ಹಾಕಿ ತೊಳೆದರೆ ಹೋಗುತ್ತದೆ. ಗಾಬರಿಯಾಗಿ ಮೇಲೆ ಇನ್ನೊಂದು ಕೋಟ್ ಹೊಡೆಯಬೇಡಿ.

ಇಟ್ಟಿಗೆಯ ಕೆಂಪು ಮಿರುಗಬೇಕೆಂದು ಥಿನ್ನರ್ ಬೆರೆತ ಪಾರದರ್ಶಕ ಅಕ್ರಿಲಿಕ್ ಹಾಕುವುದೂ ಇದೆ. ಅದು ಗಂಟೆಯೊಳಗೆ ಒಣಗುತ್ತದೆ. ಒಳಗೆ ತೇವ ಉಳಿದಿದ್ದರೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಒಂದು ಸಮಾಧಾನವೆಂದರೆ ಅದೇ ಥಿನ್ನರ್ ಮತ್ತೆ ಸವರಿದರೆ ಪದರ ಕರಗಿ ತೇವ ಹೊರಬರಲು ಇನ್ನೊಂದು ಅವಕಾಶ ಸಿಗುತ್ತದೆ. ಎಪಾಕ್ಸಿಯಲ್ಲಿ ಆ ರಿಯಾಯಿತಿ ಇಲ್ಲ.

ಸಿಲೇನ್, ಸಿಲಾಕ್ಸೇನ್: ಬರಿ ಇಟ್ಟಿಗೆಗೆ ನನ್ನ ಮೊದಲ ಮತ

ಗಿಲಾವಿಲ್ಲದ ಇಟ್ಟಿಗೆ ಗೋಡೆಯನ್ನು ಇದ್ದ ಹಾಗೇ ಉಳಿಸಿ ಮಳೆನೀರು ಮಾತ್ರ ತಡೆಯಬೇಕೆಂದಿದ್ದರೆ ಬೇರೆಲ್ಲೂ ಹುಡುಕುವುದು ಬೇಡ. ಇವು ಮೇಲೆ ಪದರ ಕಟ್ಟುವುದಿಲ್ಲ. ರಂಧ್ರಗಳೊಳಗೆ ಇಳಿದು ಅವುಗಳ ಗೋಡೆಗೆ ನೀರು ಹತ್ತದಂತೆ ಮಾಡುತ್ತವೆ. ರಂಧ್ರ ತೆರೆದೇ ಇರುವುದರಿಂದ ಒಳಗಿನ ಆವಿ ಹೊರಗೆ ಹೋಗುತ್ತದೆ. ಸಿಪ್ಪೆ ಏಳುವ ಪ್ರಶ್ನೆಯೇ ಇಲ್ಲ, ಏಕೆಂದರೆ ಏಳಲು ಪದರವೇ ಇಲ್ಲ.

ಇವೆರಡರಲ್ಲಿ ಯಾವುದು? ಸಿಲೇನಿನ ಅಣು ಚಿಕ್ಕದು, ಆಳಕ್ಕೆ ಇಳಿಯುತ್ತದೆ. ಆದರೆ ಅದು ಕಚ್ಚಿಕೊಳ್ಳಲು ಕ್ಷಾರದ ನೆರವು ಬೇಕು. ಕಾಂಕ್ರೀಟಿನಲ್ಲಿ ಅದು ಧಾರಾಳ, ಸುಟ್ಟ ಮಣ್ಣಿನ ಇಟ್ಟಿಗೆಯಲ್ಲಿ ಅಷ್ಟಿಲ್ಲ. ಹಾಗಾಗಿ ಇಟ್ಟಿಗೆಗೆ ಸಿಲಾಕ್ಸೇನ್ ಇಲ್ಲವೇ ಎರಡರ ಮಿಶ್ರಣ, ಕಾಂಕ್ರೀಟಿಗೆ ಸಿಲೇನ್ ಎಂದಿಟ್ಟುಕೊಳ್ಳಿ.

ಹಚ್ಚುವ ರೀತಿಯೂ ಬೇರೆ. ಕಡಿಮೆ ಒತ್ತಡದ ಸ್ಪ್ರೇ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗಬೇಕು, ದ್ರವ ಗೋಡೆಯ ಮೇಲೆ ಒಂದು ಗೇಣಿನಷ್ಟು ಹರಿದು ಇಳಿಯುವಷ್ಟು ಕುಡಿಸಬೇಕು. ಎರಡನೆಯ ಸುತ್ತು ಬೇಕಿದ್ದರೆ ಮೊದಲನೆಯದು ಹಸಿಯಾಗಿರುವಾಗಲೇ ಆಗಬೇಕು. ‘ಚೆನ್ನಾಗಿ ಒಣಗಲಿ, ನಾಳೆ ಇನ್ನೊಂದು ಕೋಟ್’ ಎಂದು ಬಿಟ್ಟರೆ ಕೆಲಸ ಕೆಟ್ಟಿತು. ಅಷ್ಟರಲ್ಲಿ ಮೊದಲ ಸುತ್ತು ತನ್ನ ಕೆಲಸ ಶುರು ಮಾಡಿ ಎರಡನೆಯದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮುಟ್ಟಲು ಒಂದೆರಡು ಗಂಟೆಯಲ್ಲಿ ಒಣಗಿರುತ್ತದೆ, ಮಳೆಯಿಂದ ಕನಿಷ್ಠ 4ರಿಂದ 6 ಗಂಟೆ ಕಾಪಾಡಿ, ಇಡೀ ದಿನವಾದರೆ ಇನ್ನೂ ಒಳ್ಳೆಯದು. ನೀರು ತಡೆಯುವ ಶಕ್ತಿ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗಿ ವಾರದ ಹೊತ್ತಿಗೆ ಪೂರ್ತಿಯಾಗುತ್ತದೆ. ಮರುದಿನವೇ ನೀರು ಚಿಮುಕಿಸಿ ‘ಹನಿ ನಿಲ್ಲುತ್ತಿಲ್ಲ, ಮೋಸ’ ಎನ್ನಬೇಡಿ. ಮಿತಿಯನ್ನೂ ಹೇಳಬೇಕು: ಬಿರುಕು ಮುಚ್ಚುವುದಿಲ್ಲ, ಸವೆದ ಗಾರೆಸಂದನ್ನು ಸರಿಪಡಿಸುವುದಿಲ್ಲ, ನಿಂತ ನೀರಿನ ಒತ್ತಡ ತಡೆಯುವುದಿಲ್ಲ. ಸಂದುಗಳನ್ನು ಹೊಸದಾಗಿ ತುಂಬಿಸಿದ್ದರೆ ಅವಕ್ಕೂ ಅದೇ 28 ದಿನ ಬೇಕು. ಎಣ್ಣೆ ಕಲೆಗೂ ಇದು ಅಡ್ಡ ನಿಲ್ಲುವುದಿಲ್ಲ.

ಎಪಾಕ್ಸಿ: ಗಟ್ಟಿ, ಆದರೆ ಕ್ಷಮೆಯಿಲ್ಲ

ಉಜ್ಜಿ ತೊಳೆಯುವ ಗೋಡೆ, ಪ್ರಯೋಗಾಲಯ, ದೊಡ್ಡ ಅಡುಗೆಮನೆ, ರಾಸಾಯನಿಕ ಸಿಡಿಯುವ ಜಾಗ, ಇಲ್ಲಿ ಎಪಾಕ್ಸಿಗೆ ಸಾಟಿ ಕಡಿಮೆ. 25 ಡಿಗ್ರಿಯಲ್ಲಿ 6ರಿಂದ 8 ಗಂಟೆಗೆ ಅಂಟುವುದು ನಿಲ್ಲುತ್ತದೆ, 24 ಗಂಟೆಗೆ ಹಗುರ ಬಳಕೆ, 7 ದಿನಕ್ಕೆ ಪೂರ್ತಿ ಶಕ್ತಿ. ಆ ವಾರದೊಳಗೆ ಬ್ಲೀಚ್ ಹಾಕಿ ತೊಳೆದರೆ ಕಲೆ ಉಳಿಯಬಹುದು.

ಇಲ್ಲಿ ಎರಡನೆಯ ಕೋಟಿನ ಲೆಕ್ಕ ಎರಡೂ ಕಡೆಯಿಂದ ಕಟ್ಟಿಹಾಕುತ್ತದೆ. ಬೇಗ ಹಚ್ಚುವಂತಿಲ್ಲ, ತಡವಾಗಿಯೂ ಹಚ್ಚುವಂತಿಲ್ಲ. ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಮುಂದಿನ ಕೋಟ್ ಬಿದ್ದರೆ ಎರಡೂ ಒಂದಾಗಿ ಬೆಸೆಯುತ್ತವೆ. ದಾಟಿದರೆ ಕೆಳಗಿನ ಮೈ ಗಾಜಿನಂತಾಗಿರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡದೆ ಮೇಲಿನದ್ದು ಹಿಡಿಯುವುದಿಲ್ಲ. ಪೇಂಟರ್ ನಡುವೆ ನಾಲ್ಕು ದಿನ ರಜೆ ಹಾಕಿದರೆ ಅದರ ಬೆಲೆ ಕೂಲಿಯಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಬಕೆಟ್ಟಿನಲ್ಲಿ ಏನಾಗುತ್ತದೆಂದು ಒಮ್ಮೆ ನೋಡಬೇಕು. ರಾಳ, ಹಾರ್ಡನರ್ ಬೆರೆಸಿದ ಮೇಲೆ ಸುಮಾರು ಅರ್ಧದಿಂದ ಒಂದು ಗಂಟೆ ಕೈಯಲ್ಲಿರುತ್ತದೆ. ಕ್ರಿಯೆ ನಡೆದಂತೆ ಬಿಸಿ ಹುಟ್ಟುತ್ತದೆ, ಒಂದೇ ಕಡೆ ರಾಶಿಯಾಗಿದ್ದರೆ ಆ ಬಿಸಿ ಹೊರಗೆ ಹೋಗದೆ ಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ. ಮೊದಲು ಬಕೆಟ್ ಬೆಚ್ಚಗಾಗುತ್ತದೆ, ಆಮೇಲೆ ಮುಟ್ಟಲಾಗದಷ್ಟು ಸುಡುತ್ತದೆ, ನೋಡನೋಡುತ್ತಿದ್ದಂತೆ ಬ್ರಷ್ ನಿಂತಲ್ಲೇ ಗಟ್ಟಿ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ನೀರಿನ ಎಪಾಕ್ಸಿಯಲ್ಲಿ ಇನ್ನೊಂದು ಮೋಸವಿದೆ: ಕೆಲವು ಬಗೆಯವು ಅವಧಿ ಮುಗಿದರೂ ತೆಳ್ಳಗೇ ಕಾಣುತ್ತವೆ. ಗಡಿಯಾರ ನೋಡಿ ಎಸೆಯಬೇಕು, ಕಣ್ಣು ನಂಬಬಾರದು.

ಬೇಗ ಆಗಲೆಂದು ಹಾರ್ಡನರ್ ಜಾಸ್ತಿ ಹಾಕುವವರಿದ್ದಾರೆ. ಹಾಗೆ ಆಗುವುದಿಲ್ಲ. ಅಳತೆ ತಪ್ಪಿದರೆ ಜೊತೆ ಸಿಗದ ಭಾಗ ಹಾಗೇ ಉಳಿದು ಪದರ ಯಾವತ್ತಿಗೂ ಮೆತ್ತಗಿರುತ್ತದೆ.

ಚಳಿ ಮತ್ತು ತೇವ ಸೇರಿದಾಗ ಎಪಾಕ್ಸಿಯ ಮೇಲೆ ಜಿಡ್ಡಿನಂಥ ತೆಳುಪೊರೆ ಕೂರುತ್ತದೆ. ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈ ಆಕ್ಸೈಡ್ ಸೇರಿ ಹುಟ್ಟುವ ಪೊರೆ ಅದು. ಕೋಣೆ ಬೆಚ್ಚಗಾಗಲೆಂದು ಸೀಮೆಎಣ್ಣೆಯ ಅಥವಾ ಗ್ಯಾಸಿನ ಹೀಟರ್ ಉರಿಸಿದರೆ ಅದು ಬಿಡುವುದೂ ಅವೇ ಎರಡನ್ನು! ಬಿಸಿ ಮಾಡಲೇಬೇಕಿದ್ದರೆ ವಿದ್ಯುತ್ ಹೀಟರ್ ಇರಲಿ. ಪೊರೆ ಕೂತಿದ್ದರೆ ಮೊದಲು ಬೆಚ್ಚನೆಯ ನೀರಿನಲ್ಲಿ ತಿಕ್ಕಿ ತೊಳೆದು, ಒಣಗಿದ ಮೇಲೆ ಉಜ್ಜಿ. ಮೊದಲೇ ಉಜ್ಜಿದರೆ ಜಿಡ್ಡು ಮೈಯೆಲ್ಲ ಹರಡುತ್ತದೆ.

ಎಪಾಕ್ಸಿಗೆ ಗೋಡೆಯ ತೇವ ಸಾಮಾನ್ಯವಾಗಿ ಶೇಕಡ 4ಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರೆ. ಆವಿಯನ್ನು ಅದು ಬಹುತೇಕ ಬಿಡುವುದೇ ಇಲ್ಲ. ಹಿಂದಿನಿಂದ ಪಸೆ ಬರುವ ಇಟ್ಟಿಗೆ ಗೋಡೆಗೆ ಮಾಮೂಲಿ ಎಪಾಕ್ಸಿ ಬಳಿಯುವುದೆಂದರೆ ಗುಳ್ಳೆಗಳಿಗೆ ಆಹ್ವಾನ ಕೊಟ್ಟಂತೆ. ಬಿಸಿಲೂ ಇದಕ್ಕಾಗದು: ಹಳದಿಯಾಗಿ, ಹೊಳಪು ಸತ್ತು, ಕೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ಹೊರಗೋಡೆಗೆ ಹಾಕಲೇಬೇಕಿದ್ದರೆ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಕೋಟ್ ಬೇಕು, ಅಂದರೆ ಇನ್ನೊಂದು ಖರ್ಚು, ಇನ್ನೊಂದು ಕಾಯುವಿಕೆ.

ಪಾಲಿಯುರೆಥೇನ್ ಮತ್ತು ಪಾಲಿಯಾಸ್ಪಾರ್ಟಿಕ್

ಒಂದೇ ಡಬ್ಬದ ಪಾಲಿಯುರೆಥೇನ್ ತೇವದ ಹವೆಯಲ್ಲಿ ಬೇಗ ಆಗುತ್ತದೆ, ಒಣ ಹವೆಯಲ್ಲಿ ತಡ. ನೀರಿನ ಅಕ್ರಿಲಿಕ್‌ನ ತಿರುಗುಮುರುಗು. ಹಾಗೆಂದು ಒದ್ದೆ ಗೋಡೆಗೆ ಹಚ್ಚಬಹುದು ಎಂದುಕೊಳ್ಳಬೇಡಿ. ನೀರಿನ ಜೊತೆ ಕೂಡುವಾಗ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ, ದಪ್ಪ ಕೋಟ್ ಇದ್ದರೆ ಅದು ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಎರಡು ಮೂರು ಕೋಟ್ ಹಚ್ಚುವುದೇ ಕ್ರಮ. ಮುಟ್ಟಲು 4ರಿಂದ 8 ಗಂಟೆ, ಪೂರ್ತಿಗೆ ಸುಮಾರು ವಾರ. ತೆರೆದ ಡಬ್ಬ ಉಳಿಸಿಟ್ಟರೆ ಒಳಗೇ ಕೆನೆಗಟ್ಟುತ್ತದೆ.

ಎರಡು ಡಬ್ಬ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಹೊರಗೋಡೆಯ ಮೇಲಿನ ಕೋಟಿಗೆ ಹೆಸರುವಾಸಿ. ಕೊಳ್ಳುವಾಗ ‘ಅಲಿಫ್ಯಾಟಿಕ್’ ಎಂದಿದೆಯೇ ನೋಡಿ, ಅದು ಬಿಸಿಲಿಗೆ ಬಣ್ಣ ಬಿಡುವುದಿಲ್ಲ. ‘ಆರೊಮ್ಯಾಟಿಕ್’ ಅಗ್ಗ, ಆದರೆ ಹಳದಿಯಾಗುತ್ತದೆ. ಒಳಗೆ ಮುಚ್ಚಿಹೋಗುವ ಪದರಕ್ಕಾದರೆ ಸಾಕು.

ಪಾಲಿಯಾಸ್ಪಾರ್ಟಿಕ್ ನಿಜವಾದ ವೇಗದ ಕುದುರೆ. ಒಂದೆರಡು ಗಂಟೆಯಲ್ಲಿ ಮುಂದಿನ ಕೋಟ್, ಬೆಳಗ್ಗೆ ಶುರು ಮಾಡಿದ ಕೆಲಸ ಸಂಜೆಯೊಳಗೆ ಬಳಕೆಗೆ. ಎಪಾಕ್ಸಿ ಮುದುಡಿ ಕೂರುವ ಚಳಿಯಲ್ಲೂ ನಡೆಯುತ್ತದೆ, ಬಿಸಿಲಿಗೂ ಅಂಜದು. ಲೀಟರಿನ ಬೆಲೆ ಇವೆಲ್ಲದರಲ್ಲಿ ಸಾಮಾನ್ಯವಾಗಿ ಹೆಚ್ಚು. ಬೆರೆಸಿದ ಮೇಲೆ ಕೈಗೆ ಸಿಗುವುದು ಹಲವು ಬಗೆಗಳಲ್ಲಿ ಇಪ್ಪತ್ತು ನಿಮಿಷದ ಆಸುಪಾಸು, ಆದ್ದರಿಂದ ಹೊಸಬರ ಕೈಗೆ ಕೊಡುವ ವಸ್ತುವಲ್ಲ. ಗೋಡೆಯ ಮೂಲೆಯಲ್ಲಿ ಬ್ರಷ್‌ನಿಂದ ತಿದ್ದುತ್ತ ನಿಂತರೆ ತಟ್ಟೆಯಲ್ಲಿದ್ದದ್ದು ಅಂಟಾಗಿರುತ್ತದೆ. ವೇಗಕ್ಕೆ ಇನ್ನೊಂದು ಬೆಲೆಯೂ ಇದೆ: ಗೋಡೆಯೊಳಗೆ ಇಳಿಯಲು ಸಮಯ ಸಿಗದೆ ಮೇಲೇ ಕೂರಬಹುದು, ಹಾಗಾಗಿ ಹೀರುವ ಇಟ್ಟಿಗೆಗೆ ಕೆಳಗೊಂದು ನಿಧಾನದ ಪ್ರೈಮರ್ ಬೇಕಾಗುತ್ತದೆ. ಅಲ್ಲಿಗೆ ಉಳಿಸಿದ ಸಮಯದ ಒಂದು ಪಾಲು ಪ್ರೈಮರ್‌ಗೇ ಹೋಯಿತು.

ಈ ಪಾಲಿಯುರೆಥೇನ್, ಪಾಲಿಯಾಸ್ಪಾರ್ಟಿಕ್‌ಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕಗಳಿರುತ್ತವೆ. ಸ್ಪ್ರೇ ಮಾಡುವಾಗ ಉಸಿರಿಗೆ ಹೋದರೆ ಆಸ್ತಮಾ ತರಬಲ್ಲವು. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಉಸಿರುಕವಚ, ಕೈಗವಸು ಇಲ್ಲದೆ ಮುಟ್ಟಬೇಡಿ.

ಎಣ್ಣೆಬಣ್ಣ ಎನ್ನುವ ಆಲ್ಕಿಡ್ ಬಗ್ಗೆ ಒಂದೇ ಮಾತು: ಮರಕ್ಕೆ, ಕಬ್ಬಿಣಕ್ಕೆ ಇರಲಿ, ಹೊಸ ಸಿಮೆಂಟಿಗೆ ಬೇಡ. ಕ್ಷಾರ ತಾಗಿ ಅದರ ಎಣ್ಣೆ ಸಾಬೂನಾಗುತ್ತದೆ, ಪದರ ಮೆತ್ತಗಾಗಿ ಅಂಟುತ್ತದೆ. ಎಷ್ಟು ದಿನ ಕಾದರೂ ಅದು ಕ್ಯೂರ್ ಆಗುವ ಅಂಟಲ್ಲ.

ಹಾಗಾದರೆ ಯಾರಿಗೆ ಯಾವುದು?

ವಾಸವಿರುವ ಮನೆಯ ಒಳಗೋಡೆ, ಕೈ ಬಿಗಿ, ತೊಳೆಯುವ ಕೆಲಸ ಹೆಚ್ಚಿಲ್ಲ ಎಂದರೆ ನೀರಿನ ಅಕ್ರಿಲಿಕ್. ಎಪಾಕ್ಸಿಗೆ ಇಟ್ಟ ಹಣದಲ್ಲಿ ಒಳ್ಳೆಯ ಪ್ರೈಮರ್ ಕೊಳ್ಳಿ, ಉಳಿದದ್ದು ಉಳಿತಾಯ.

ಹೊರಗಿನ ಬರಿ ಇಟ್ಟಿಗೆಗೆ ಸಿಲಾಕ್ಸೇನ್. ಲೀಟರ್ ಬೆಲೆ ಅಕ್ರಿಲಿಕ್ ಸೀಲರ್‌ಗಿಂತ ಹೆಚ್ಚಿರಬಹುದು, ಹೀರುವ ಇಟ್ಟಿಗೆ ಜಾಸ್ತಿಯೇ ಕುಡಿಯುತ್ತದೆ. ಆದರೆ ಮುಂದೆ ಮತ್ತೆ ಹಚ್ಚುವಾಗ ಕೆರೆಯುವ ಕೂಲಿ ಇರುವುದಿಲ್ಲ, ಗೋಡೆ ಸ್ವಚ್ಛ ಮಾಡಿ ಮೇಲೆಯೇ ಕುಡಿಸಬಹುದು. ಮಿರುಗು ಬೇಕೇಬೇಕು ಎನ್ನುವವರು ಮಾತ್ರ ಅಕ್ರಿಲಿಕ್ ಸೀಲರ್ ಕಡೆ ಹೋಗಲಿ, ಅದೂ ಪ್ಲಾಸ್ಟಿಕ್ ಹಾಳೆ ಒಣಗಿ ಬಂದ ಮೇಲೆ.

ದಿನವೂ ತೊಳೆಯುವ ಗೋಡೆ, ಒಂದು ವಾರ ಮುಚ್ಚಿಡಲು ಸಾಧ್ಯ ಎಂದರೆ ಎಪಾಕ್ಸಿ. ಒಂದೇ ದಿನ ಬಿಟ್ಟುಕೊಡಬಲ್ಲಿರಿ ಎಂದರೆ ಪಾಲಿಯಾಸ್ಪಾರ್ಟಿಕ್. ಅಲ್ಲಿ ಲೀಟರಿನ ಬೆಲೆಯ ಎದುರಿಗೆ ಮುಚ್ಚಿಟ್ಟ ದಿನಗಳ ನಷ್ಟವನ್ನಿಟ್ಟು ತೂಗಿ ನೋಡಿ. ಜಾಗ ಚಿಕ್ಕದಾಗಿದ್ದು ಮುಚ್ಚಿದರೆ ಹೆಚ್ಚಿನ ನಷ್ಟವಿಲ್ಲದಿದ್ದರೆ ಎಪಾಕ್ಸಿಯೇ ಗೆಲ್ಲುತ್ತದೆ.

ಪಸೆ ನಿಲ್ಲದ ಹಳೆಯ ಗೋಡೆ, ಅದರಲ್ಲೂ ಸುಣ್ಣದ ಗಾರೆಯದ್ದು, ಇದಕ್ಕೆ ಮೇಲಿನ ಗಟ್ಟಿ ಪದರದ ಯಾವುದೂ ಬೇಡ. ಆವಿ ಬಿಡುವ ಸುಣ್ಣವೋ, ಸಿಲಿಕೋನ್ ರಾಳದ ಬಣ್ಣವೋ ಸಾಕು.

ಹೀರುವ ಇಟ್ಟಿಗೆಗೆ ಏನೇ ಹಚ್ಚಿ, ಹೊತ್ತು ನೋಡಿ ಹಚ್ಚಿ. ಬೆಳಗಿನ ಎಳೆಬಿಸಿಲಿಗೆ ಗೋಡೆ ಬಿಸಿಯೇರುತ್ತಿರುವಾಗ ರಂಧ್ರಗಳ ಗಾಳಿ ಹಿಗ್ಗಿ ಹೊರಗೆ ನುಗ್ಗುತ್ತದೆ. ಹಸಿ ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳು ಸಾಲುಸಾಲಾಗಿ ಏಳುತ್ತವೆ. ಮಧ್ಯಾಹ್ನ ಇಳಿದು ಗೋಡೆ ತಣಿಯತೊಡಗಿದಾಗ ಹಚ್ಚಿದರೆ ಅದೇ ರಂಧ್ರಗಳು ಲೇಪನವನ್ನು ಒಳಗೆ ಎಳೆದುಕೊಳ್ಳುತ್ತವೆ. ಇಬ್ಬನಿ ಬೀಳುವ ಮೊದಲು ಒಣಗಲು ಸಮಯ ಉಳಿದಿರಬೇಕು ಅಷ್ಟೆ.

ಆಯಿತೋ ಇಲ್ಲವೋ ತಿಳಿಯುವುದು ಹೇಗೆ?

ಹೆಬ್ಬೆರಳನ್ನು ಬಲವಾಗಿ ಒತ್ತಿ, ಒತ್ತಿದಲ್ಲೇ ಕಾಲು ಸುತ್ತು ತಿರುಗಿಸಿ. ಪದರ ಸುಕ್ಕಾದರೆ ಅಥವಾ ಜರುಗಿದರೆ ಮೇಲೆ ಒಣಗಿದೆ, ಒಳಗೆ ಹಸಿಯಿದೆ. ಬೆರಳಿನ ಗೆರೆ ಮಾತ್ರ ಮೂಡಿದರೆ ಇನ್ನೊಂದಿಷ್ಟು ಕಾಲ ಕಾಯಿರಿ. ಏನೂ ಮೂಡದಿದ್ದರೆ ಮುಂದಿನ ಕೋಟಿಗೆ ಅಡ್ಡಿಯಿಲ್ಲ, ಎಪಾಕ್ಸಿಯಾದರೆ ಮೇಲ್ಮಿತಿ ದಾಟಿಲ್ಲ ಎಂಬುದನ್ನೂ ನೋಡಿಕೊಳ್ಳಿ. ಎರಡು ಡಬ್ಬದ ಲೇಪನ ಪೂರ್ತಿ ಕ್ಯೂರ್ ಆಗಿದೆಯೇ ಎಂದು ನೋಡಲು ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಥಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಬಣ್ಣ ಬಂದರೆ, ಮೈ ಮೆತ್ತಗಾದರೆ ಇನ್ನೂ ಆಗಿಲ್ಲ. ಥಿನ್ನರ್ ಅಕ್ರಿಲಿಕ್‌ಗೆ ಈ ಪರೀಕ್ಷೆ ಮಾಡಬೇಡಿ, ಅದು ಎಷ್ಟು ವರ್ಷವಾದರೂ ಕರಗುತ್ತದೆ. ಸಿಲಾಕ್ಸೇನ್‌ಗೆ ವಾರ ಕಳೆದ ಮೇಲೆ ನೀರು ಚಿಮುಕಿಸಿ; ಇಟ್ಟಿಗೆ ಕಪ್ಪಾಗದೆ ನೀರು ಜಾರಿದರೆ ಸಾಕು, ದುಂಡು ಹನಿಯೇ ನಿಲ್ಲಬೇಕೆಂದಿಲ್ಲ.

ಗೊತ್ತುಪಡಿಸಿದ ದಿನ ಕಳೆದರೂ ಎಪಾಕ್ಸಿ ಅಂಟುತ್ತಿದ್ದರೆ ಮೊದಲು ಗೋಡೆಯ ಉಷ್ಣತೆ ನೋಡಿ. ತಣ್ಣಗಿದ್ದರೆ ಬೆಚ್ಚಗೆ ಮಾಡಿ ಇನ್ನೆರಡು ದಿನ ಕೊಡಿ. ಅಲ್ಲಲ್ಲಿ ಮಾತ್ರ ಅಂಟಿದ್ದರೆ ಬಕೆಟ್ಟಿನ ಅಂಚಿನಲ್ಲಿ ಬೆರೆಯದೆ ಉಳಿದದ್ದನ್ನು ಕೆರೆದು ಹಚ್ಚಿರುತ್ತಾರೆ, ಅಥವಾ ಅಳತೆ ತಪ್ಪಿರುತ್ತದೆ. ಅದು ಕಾದರೆ ಸರಿಹೋಗುವುದಿಲ್ಲ, ಮೇಲೆ ಇನ್ನೊಂದು ಕೋಟ್ ಹಾಕಿದರೂ ಕೆಳಗಿನದ್ದು ಮೆತ್ತಗೇ ಉಳಿಯುತ್ತದೆ. ಆ ಭಾಗವನ್ನು ಗೋಡೆ ಕಾಣುವವರೆಗೆ ಕೆರೆದು, ಥಿನ್ನರ್‌ನಲ್ಲಿ ಒರೆಸಿ, ಸುತ್ತಲ ಗಟ್ಟಿ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಹೊಸದಾಗಿ ಅಳೆದು ಬೆರೆಸಿ ಹಚ್ಚಬೇಕು.